ಒಂದೇ ಚುಕ್ಕಿಯ ಅರ್ಜಿ

“ಅತ್ತೀನೂ ನನ್ನೂ ಒಂದ ಸಾಲಿನ್ಯಾಗ ಕಟ್ಟಬ್ಯಾಡ್ರಿ ಅಂದೆ!”

ಮುಂಡರಗಿ ಕಚೇರಿಯ ಮುಂದಿನ ಬೇವಿನ ನೆರಳಲ್ಲಿ ಕಸ್ತೂರೆವ್ವ ಗಂಡನ ಮೇಲೆ ಹರಿಹಾಯ್ದಳು. ಗಂಡ ಮುದಕಪ್ಪ ಅಲ್ಲಿಯ ಕನ್ನಡ ಶಾಲೆಯ ಮಾಸ್ತರ. ಅವ್ವ, ಹೆಂಡತಿ ಇರುವ ಲಕ್ಷ್ಮೇಶ್ವರಕ್ಕೆ ವರ್ಗ ಬೇಕೆಂದು ಇಂಗ್ಲಿಷಿನಲ್ಲಿ ಅರ್ಜಿ ಬರೆಸುತ್ತಿದ್ದ. ಹೆಂಡತಿ ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ ಬಂದಿಳಿದಿದ್ದಳು. ಕನ್ನಡ ನಾಡು ಒಂದಾಗಿ ಆಗಿನ್ನೂ ಒಂದು ತಿಂಗಳಾಗಿತ್ತು.

ಅರ್ಜಿ ಬರೆಯುವ ನಿಜಾಮುದ್ದೀನ ಟಾಕಿನ ಪೆನ್ನು ಮಸಿಗೆ ಅದ್ದಿದ.

ನಿಜಾಮುದ್ದೀನ: ಕಟ್ಟಲೇಬೇಕವ್ವಾ. ಮ್ಯಾಲಿನ ಸಾಹೇಬ್ರು ಮೊದಲನೇ ಚುಕ್ಕಿ ತನಕ ಅಷ್ಟ ಓದ್ತಾರ. ಚುಕ್ಕಿ ಕಂಡ್ರ ನಶ್ಯಾ ಏರಿಸಿ ಸಹಿ ಹೊಡೀತಾರ.

ಮುದಕಪ್ಪ: ಅದಕ್ಕ ನಾಕೂ ಮಾತು ಗಂಟ ಹಾಕ್ರಿ. ಮುಂಡರಗಿ ಚಲೋ ಐತಿ. ಅವ್ವಗ ವಯಸ್ಸಾಗೇತಿ. ಹೆಂಡ್ತಿ ಒಬ್ಬಾಕೀನ ಅದಾಳ. ವರ್ಗಾ ಕೊಡ್ರಿ.

ಕಸ್ತೂರೆವ್ವ: ಒಬ್ಬಾಕೀನ? ನಿಮ್ಮವ್ವ ಇರೂ ಮನ್ಯಾಗ ಒಬ್ಬಾಕೀನ ಇರೂವಷ್ಟು ಪುಣ್ಯಾ ನಾ ಎಲ್ಲಿ ಮಾಡೀನ್ರಿ!

ನಿಜಾಮುದ್ದೀನ: ಮುಂಡರಗಿ ಚಲೋ ಐತಿ, ‘ಬಟ್’...

ಕಸ್ತೂರೆವ್ವ: ಹಂಗಂದ್ರ?

ಮುದಕಪ್ಪ: ‘ಆದ್ರ’ ಅಂತ.

ಕಸ್ತೂರೆವ್ವ: ಓಹೋ, ನಿಮ್ಮವ್ವಗ ಇಂಗ್ಲೀಷ ಬರತೈತಿ ಹಂಗಾದ್ರ! “ಸೊಸಿ ರೊಟ್ಟಿ ಚಲೋ ಬಡೀತಾಳ, ಆದ್ರ...” ಅಂತಾರ. ಆ ‘ಆದ್ರ’ ಮುಗಿಯೂದ್ರಾಗ ಹಂಚಿನ್ಯಾಗಿನ ರೊಟ್ಟಿ ಹೊತ್ತಿರತೈತಿ.

ನಿಜಾಮುದ್ದೀನ: ಅತ್ತಿ ‘ಆ್ಯಂಡ್’ ಸೊಸಿ...

ಮುದಕಪ್ಪ: ಇಬ್ರೂ ಕೂಡೇ ಅದಾರ ಅಂತ.

ಕಸ್ತೂರೆವ್ವ: ಸಾಹೇಬ್ರಿಗೆ ಸುಳ್ಳ ಬರದ್ರ ನೌಕರಿ ಹೋಗಂಗಿಲ್ಲೇನ್ರಿ?

ನಿಜಾಮುದ್ದೀನ: ‘ಆರ್’ ಹಾಕಲೇನು? ಅತ್ತಿ, ಇಲ್ಲಾ ಸೊಸಿ.

ಕಸ್ತೂರೆವ್ವ: ಈಗ ದಾರಿಗೆ ಬಂತು ನಿಮ್ಮ ಇಂಗ್ಲೀಷು!

ಮುದಕಪ್ಪ ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಂಡ.

ಮುದಕಪ್ಪ: ಎಲ್ಲೆಲ್ಲೋ ಹರಿದಿದ್ದ ನಾಡ ಒಂದಾತು. ನಿಮ್ಮಿಬ್ಬರನ್ನ ಒಂದ ಹಾಳಿ ಮ್ಯಾಲ ಕುಂಡ್ರಸಾಕ ಆಗವಲ್ದು! ಎರಡ ವರ್ಷ ಖಾನಾವಳಿ ಸಾರು ಕುಡದೇನಿ. ನಾ ಮನಿಗೆ ಬರೂದು ಬ್ಯಾಡೇನು ನಿನಗ?

ಕಸ್ತೂರೆವ್ವ: ಎರಡ ವರ್ಷದಾಗ ಒಮ್ಮೆರೆ “ನೀವ ಇಲ್ಲಿಗೆ ಬರ್ರಿ” ಅಂದೀರೇನು? ಅದಕ್ಕ ಅರ್ಜಿ ಬೇಕಿದ್ದಿಲ್ಲ. ನಿಜಾಮಣ್ಣಾ, ಮೊದಲ ಏನ ಬರದ್ರಿ?

ನಿಜಾಮುದ್ದೀನ: ಮುಂಡರಗಿ ಚಲೋ ಐತಿ ಅಂತ.

ಕಸ್ತೂರೆವ್ವ: ಅಲ್ಲೇ ಚುಕ್ಕಿ ಇಡ್ರಿ.

ಮುದಕಪ್ಪ: ಏ! ಸಾಹೇಬ್ರು ಮುಂದ ಓದಂಗಿಲ್ಲ! ನಾ ಇಲ್ಲೇ ಉಳೀಬೇಕಾಗತೈತಿ!

ಕಸ್ತೂರೆವ್ವ: ಉಳೀರಿ. ನನ್ನ ಟ್ರಂಕ ಬಸ್‌ಸ್ಟ್ಯಾಂಡಿನ್ಯಾಗ ಐತಿ.

ಮುದಕಪ್ಪನ ಕೈಯ ಟೊಪ್ಪಿಗೆ ನಿಂತಿತು.

ಮುದಕಪ್ಪ: ಮತ್ತ... ಅವ್ವ?

ಕಸ್ತೂರೆವ್ವ: ಟ್ರಂಕಿನ ಮ್ಯಾಲ ಕುಂತಾರ, ಕಂಡಕ್ಟರಗ ನನ್ನ ರೊಟ್ಟಿ ಸುದ್ದಿ ಹೇಳಕೋತ. ಜಲ್ದಿ ನಡೀರಿ, ಪಾಪ ಅವನ ಬಸ್ಸು ಹೊಳ್ಳಿ ಹೋಗಬೇಕು. ಚುಕ್ಕಿ ಇಡೂ ರೂಢಿ ಅವರಿಗಿಲ್ಲ.