ಅತ್ತೆಯ ಎದುರಿಗೆ ನಮಾಜು

ಇಪ್ಪತ್ತು ದಾಟಿದ ಹೆಂಗಸು, ಮನೆ ನಡೆಸಿದವಳು, ನನ್ನ ದನಿ ಕೇಳಿದರೆ ನಮ್ಮ ಜಟಕಾ ಕುದುರೆಯೇ ಕಿವಿ ನಿಮಿರಿಸಿ ನಿಲ್ಲುತ್ತಿತ್ತು. ಅಂಥವಳಿಗೆ ಐದು ಹೊತ್ತಿನ ನಮಾಜು ಯಾವ ದೊಡ್ಡ ಮಾತು ಎಂದು ನಾನು ತಿಳಿದಿದ್ದೆ. ನಿಲ್ಲುವುದು, ಬಗ್ಗುವುದು, ಕೂರುವುದು. ರಾಗಿ ಬೀಸುವುದಕ್ಕಿಂತ ಸುಲಭ.

ಅದು ಯುದ್ಧದ ಕಾಲ. ಹೊಳೆನರಸೀಪುರದಲ್ಲಿ ಸೀಮೆಎಣ್ಣೆಗೆ ಜನ ಸಾಲು ನಿಲ್ಲುತ್ತಿದ್ದರು. ನಮ್ಮ ಯಜಮಾನರು ಸ್ಟೇಷನ್ನಿನಿಂದ ಪೇಟೆಗೆ ಜಟಕಾ ಹೊಡೆಯುತ್ತಿದ್ದರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ನಮ್ಮ ಮನೆಮಾತು ಉರ್ದು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ನಾನು ಅರಕಲಗೂಡಿನಿಂದ ಬಂದ, ತಾಯಿಯಿಲ್ಲದ ಹುಡುಗಿ. ಹಾಗಾಗಿ ಅತ್ತೆಯನ್ನೇ ಅಮ್ಮಾ ಎಂದು ಕರೆಯುತ್ತಿದ್ದೆ. ಅವರು ಒಂದು ಹೊತ್ತಿನ ನಮಾಜನ್ನೂ ಬಿಟ್ಟವರಲ್ಲ. ನಾನು ಒಂದು ಹೊತ್ತಿನದನ್ನೂ ನೆಟ್ಟಗೆ ಮಾಡಿದವಳಲ್ಲ.

"ಬಾ ಬೇಟಿ, ನನ್ನ ಪಕ್ಕ ನಿಂತ್ಕೋ" ಎನ್ನುತ್ತಿದ್ದರು.

"ನಾಳೆಯಿಂದ ಅಮ್ಮಾ" ಎನ್ನುತ್ತಿದ್ದೆ.

ಮದುವೆಯಾದ ಹೊಸದರಲ್ಲಿ ಹೇಳಿದ ಆ ನಾಳೆ ವರ್ಷಗಳು ಕಳೆದರೂ ಬಂದಿರಲಿಲ್ಲ. ಅವರು ಒಮ್ಮೆಯೂ ಗದರಿಸಲಿಲ್ಲ. "ಆಯ್ತು, ನಾಳೆ" ಎಂದು ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಂಡೇ ನಿಲ್ಲುತ್ತಿದ್ದರು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದವರು ಹಾಗೇ ಕುಸಿದುಬಿಟ್ಟರು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿ ಸೊಟ್ಟಗಾಗಿ ಮಾತು ನಿಂತಿತು. ನಾಟಿ ಪಂಡಿತರು ಬಂದು, ನೋಡಿ, ತೈಲ ತಿಕ್ಕಿ ಎಂದು ಹೇಳಿ ಹೋದರು. ಗಾಳಿ ಬರಲೆಂದು ಮಂಚವನ್ನು ಒಳಕೋಣೆಯಿಂದ ಹಜಾರಕ್ಕೆ ತಂದು ಹಾಕಿದೆವು. ಮಸೀದಿಯಲ್ಲಿ ಬಾಂಗು ಕೂಗಿದಾಗಲೆಲ್ಲ ಅವರ ಎಡಗೈ ಹೊದಿಕೆಯ ಮೇಲೆ ಏನನ್ನೋ ಹುಡುಕುತ್ತಿತ್ತು. ಆಮೇಲೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಯಜಮಾನರು ಬಂದ ಕೂಡಲೇ ನನ್ನ ತೀರ್ಮಾನ ತಿಳಿಸಿದೆ. "ಇವತ್ತಿನಿಂದ ನಾನು ಐದು ಹೊತ್ತೂ ನಮಾಜು ಮಾಡ್ತೀನಿ. ಅಮ್ಮನ ಕಣ್ಣೆದುರಿಗೇ ಮಾಡ್ತೀನಿ. ಅವರಿಗೆ ಸಮಾಧಾನ ಆಗ್ತದೆ."

"ನಿಂಗೆ ಬರ್ತದಾ?"

"ಬರದೆ ಏನು? ಇಷ್ಟು ವರ್ಷ ಅವರು ಮಾಡೋದು ನೋಡಿಲ್ವಾ?"

ಶುಕ್ರವಾರ ಬಿಟ್ಟರೆ ಮಸೀದಿಯ ಕಡೆ ತಲೆಹಾಕದ ಮನುಷ್ಯ. ಕುದುರೆಗೆ ಹುಲ್ಲು ಹಾಕಲು ಹೋದರು.

ಒಳಕೋಣೆಯಲ್ಲಿ ಅತ್ತೆ ಯಾವಾಗಲೂ ಗೋಡೆಯ ಗೂಡಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಹಜಾರದ ಗೋಡೆಯಲ್ಲೂ ಒಂದು ಗೂಡಿತ್ತು. ಅದರೆದುರಿಗೆ ಚಾಪೆ ಹಾಸಿ, ತಲೆತುಂಬ ಸೆರಗು ಹೊದ್ದು ಶುರುಮಾಡಿದೆ. ನಾನು ಕೈಕಟ್ಟುತ್ತಿದ್ದಂತೆ ಅತ್ತೆ "ಊಂ, ಊಂ" ಎಂದು ನರಳಿದರು. ಸೊಸೆಯ ಭಕ್ತಿ ಕಂಡು ಹೃದಯ ತುಂಬಿಬಂದಿದೆ ಎಂದುಕೊಂಡೆ. ಇನ್ನೂ ನಿಧಾನವಾಗಿ ಬಗ್ಗಿದೆ. ಅವರು ಇನ್ನೂ ಜೋರಾಗಿ ನರಳಿದರು. ನನಗೂ ಕಣ್ಣು ತುಂಬಿತು.

ಹೀಗೆ ಒಂದು ವಾರವೇ ನಡೆಯಿತು. ಅವರು ನರಳಿದಷ್ಟೂ ನನ್ನ ನಮಾಜು ಉದ್ದವಾಯಿತು.

ಪಕ್ಕದ ಮನೆಯ ಗೌರಮ್ಮ ದಿನವೂ ಅತ್ತೆಗೆ ಮಜ್ಜಿಗೆ ತರುತ್ತಿದ್ದರು. ಒಂದು ಮಧ್ಯಾಹ್ನ ನನ್ನ ನಮಾಜು ಮುಗಿಯುವ ತನಕ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದವರು ಮೆಲ್ಲಗೆ ಕೇಳಿದರು.

"ಬೂಬಮ್ಮ, ಒಂದ್ಮಾತು ಕೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ. ನಿಮ್ಮತ್ತೆಮ್ಮ ವತ್ತು ಮುಳುಗೋ ಕಡೀಕಲ್ವಾ ಮಕ ಮಾಡ್ತಿದ್ದುದ್ದು?"

"ಹೌದು, ಅದಕ್ಕೇನು?"

"ಏನಿಲ್ಲ ಕಣವ್ವ. ನೀವು ನಮ್ಮ ಎಮ್ಮೆ ಕೊಟ್ಟಿಗೆ ಕಡೀಕೆ ಬಗ್ಗತಾ ಇದ್ದೀರಲ್ಲ ಅಂತ."

ನಾನು ಗೂಡು ನೋಡಿದೆ. ಬಾಗಿಲಲ್ಲಿ ಬೀಳುತ್ತಿದ್ದ ಬಿಸಿಲು ನೋಡಿದೆ. ಒಂದು ವಾರದಿಂದ ಮಕ್ಕಾಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ತಲೆಬಾಗಿದ್ದೆ. ಮಂಚದ ಮೇಲಿಂದ ವಿಚಿತ್ರವಾದ ಸದ್ದು ಬಂತು. ಉಸಿರು ಸಿಕ್ಕಿಕೊಂಡಿತೇನೋ ಎಂದು ಓಡಿದೆ. ಅತ್ತೆ ನಗುತ್ತಿದ್ದರು. ಅರ್ಧ ಬಾಯಿ ಮಾತ್ರ ನಗುತ್ತಿತ್ತು, ಆದರೆ ಕಣ್ಣು ಎರಡೂ ನಗುತ್ತಿದ್ದವು. ಬಿದ್ದ ದಿನದಿಂದ ಅವರು ನಕ್ಕಿದ್ದು ಅದೇ ಮೊದಲು.

ಅವತ್ತಿನಿಂದ ಅವರು ನನ್ನ ಗುರುವಾದರು. ಚಾಪೆಯನ್ನು ಪಶ್ಚಿಮಕ್ಕೆ ತಿರುಗಿಸಿ ಮಂಚದ ಪಕ್ಕಕ್ಕೆ ಹಾಕಿಕೊಂಡೆ. ತಪ್ಪು ಮಾಡಿದರೆ ಅವರು ಎಡಗೈಯ ಗೆಣ್ಣಿನಿಂದ ಮಂಚದ ಪಟ್ಟಿಗೆ ಕುಟ್ಟುತ್ತಿದ್ದರು. ಒಲೆಯ ಮೇಲಿನ ಸಾರು ನೆನೆದು ಅವಸರ ಮಾಡಿದರೆ ಟಕ್. ಸೆರಗು ಜಾರಿ ಕೂದಲು ಕಂಡರೆ ಟಕ್. ಕೂತಾಗ ಹೇಳಬೇಕಾದ ಅರಬ್ಬಿ ಪ್ರಾರ್ಥನೆ, ಅತ್ತಹಿಯ್ಯಾತು, ನನಗೆ ಬರುತ್ತಲೇ ಇರಲಿಲ್ಲ. ಬರೀ ತುಟಿ ಆಡಿಸುತ್ತಿದ್ದೆ. ಅದಕ್ಕಂತೂ ಟಕ್ ಟಕ್ ಟಕ್. ಕೊನೆಗೆ ಯಜಮಾನರು ಮೌಲ್ವಿಗಳ ಹತ್ತಿರ ಅದನ್ನು ಹೇಳಿಸಿಕೊಂಡು, ಜಟಕಾ ಹೊಡೆಯುತ್ತಾ ಬಾಯಿಪಾಠ ಮಾಡಿ, ಅರ್ಧವನ್ನು ಸ್ಟೇಷನ್ ರಸ್ತೆಯಲ್ಲೇ ಚೆಲ್ಲಿ, ಉಳಿದದ್ದನ್ನು ತಂದು ನನಗೆ ಒಪ್ಪಿಸಿದರು. ಬಿಟ್ಟುಹೋದ ಜಾಗದಲ್ಲೆಲ್ಲ ಅತ್ತೆ ಕುಟ್ಟಿದರು. ಪಾಪ, ಯಜಮಾನರು ಮತ್ತೆ ಮೌಲ್ವಿಗಳ ಹತ್ತಿರ ಓಡಿದರು.

"ಇದೇನು, ಮನೆಯಲ್ಲಿ ಬಡಗಿ ಕೆಲಸ ನಡೀತಿದ್ಯಾ?" ಎಂದು ಒಂದು ದಿನ ನಕ್ಕರು. ಮರುಗಳಿಗೆ ಅಮ್ಮನ ಮುಖ ನೋಡಿ, ಬೀಡಿ ಹಚ್ಚುವ ನೆಪದಲ್ಲಿ ಆಚೆ ಹೋದರು. ಅಮ್ಮ ಸೊರಗುತ್ತಿದ್ದರು. ಗಂಜಿ ಒಂದು ಕಡೆಯಿಂದ ಹಾಕಿದರೆ ಇನ್ನೊಂದು ಕಡೆಯಿಂದ ಹರಿಯುತ್ತಿತ್ತು. ಕುಟ್ಟುವ ಸದ್ದೂ ದಿನದಿನಕ್ಕೆ ಸಣ್ಣದಾಗುತ್ತಿತ್ತು. ನಾನು ಜಾಣೆ. ನನ್ನ ತಪ್ಪುಗಳು ಸಣ್ಣವಾಗುತ್ತಿವೆ ಎಂದು ಲೆಕ್ಕ ಹಾಕಿದೆ.

ಒಂದು ಸಂಜೆ, ಅಸರ್ ಹೊತ್ತಿನ ನಮಾಜು. ಕೈಕಟ್ಟಿದೆ, ಸದ್ದಿಲ್ಲ. ಬಗ್ಗಿದೆ, ಸದ್ದಿಲ್ಲ. ಹಣೆ ಊರಿದೆ, ಆಗಲೂ ಇಲ್ಲ. ನನಗೆ ಹಿಗ್ಗು ತಡೆಯಲಾಗಲಿಲ್ಲ. ಅತ್ತಹಿಯ್ಯಾತನ್ನು ಅವರಿಗೆ ಕೇಳಲೆಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಕೊನೆಗೆ ಬಲಗಡೆಗೆ ಸಲಾಮು ಕೊಟ್ಟು, ಎಡಗಡೆಗೆ ಮುಖ ತಿರುಗಿಸಿದೆ. ಮಂಚ ಆ ಕಡೆಗಿತ್ತು.

"ಅಮ್ಮಾ, ಇವತ್ತು ಒಂದೂ ತಪ್ಪಿಲ್ಲ" ಎಂದೆ.

ಕೈ ಪಟ್ಟಿಯಿಂದ ಜಾರಿ ಕೆಳಗೆ ಜೋತಿತ್ತು. ನಿದ್ದೆ ಹತ್ತಿರಬೇಕೆಂದು ಅದನ್ನು ಎತ್ತಿ ಎದೆಯ ಮೇಲಿಟ್ಟೆ. ಅದು ಮತ್ತೆ ಜಾರಿತು. ಗೋಡೆಯಾಚೆಗೆ ಕೇಳುವಂತೆ ಗೌರಮ್ಮನನ್ನು ಕೂಗಿದೆ. ಅವರು ಬಂದು ಅಂಗಾಲು ಮುಟ್ಟಿ ನೋಡಿ, ನನ್ನ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಓಗ್ಬುಟ್ರು ಕಣವ್ವ."

ಬಂದ ಹೆಂಗಸರೆಲ್ಲ ಒಂದೇ ಮಾತು ಹೇಳಿದರು: "ಸೊಸೆ ಪಕ್ಕದಲ್ಲಿ ನಮಾಜು ಮಾಡುತ್ತಿರುವಾಗ ಹೋದರು. ಎಂಥ ಭಾಗ್ಯದ ಸಾವು." ನಾನು ತಲೆತಗ್ಗಿಸಿ ಕೂತಿದ್ದೆ. ಅಮ್ಮನ ಜೀವ ಹೋಗುತ್ತಿದ್ದಾಗ ನಾನು ನನ್ನ ಪಾಂಡಿತ್ಯಕ್ಕೆ ಹಿಗ್ಗುತ್ತಿದ್ದೆ ಎಂದು ಯಾರಿಗೆ ಹೇಳಲಿ?

ಮಣ್ಣಾದ ಮೇಲೆ ಕೆಲವು ದಿನ ಚಾಪೆ ಬಿಚ್ಚಲು ಕೈ ಬರಲಿಲ್ಲ. ಒಂದು ಮಧ್ಯಾಹ್ನ ಯಜಮಾನರೇ ಅದನ್ನು ತಂದು ಹಾಸಿದರು.

"ಮಾಡು" ಎಂದರು.

"ತಪ್ಪಿದರೆ ಹೇಳೋರು ಯಾರು?"

ಅವರು ಹೋಗಿ ಅಮ್ಮನ ಮಂಚದ ಮೇಲೆ ಕೂತರು. "ನಾನು ನೋಡ್ಕೋತೀನಿ."

"ನಿಮಗೇನು ಗೊತ್ತು?"

"ಏನೂ ಗೊತ್ತಿಲ್ಲ. ಸುಮ್ಮನೆ ಕೂತಿರ್ತೀನಿ."

ಕೈಕಟ್ಟಿ ನಿಂತೆ. ಅಳು ನುಂಗಿಕೊಂಡು ನಾಲ್ಕು ಸುತ್ತಿನಲ್ಲಿ ಎರಡು ರಕಾತು ಮುಗಿಸಿ ಏಳುವ ಹೊತ್ತಿಗೆ ಮಂಚದ ಮೇಲಿಂದ ಗೊರಕೆ ಶುರುವಾಯಿತು. ಬೆಳಗಿನ ಜಾವದಿಂದ ದುಡಿದ ಗಂಡಸಿನ ಗೊರಕೆ. ಲಾಯದಲ್ಲಿದ್ದ ಕುದುರೆ ಕೂಡ ಕೆನೆಯಿತು. ನಾನು ಮಾಡಿದ್ದು ಎರಡೋ ಮೂರೋ ಮರೆತೇಹೋಯಿತು. ಕೇಳೋಣವೆಂದರೆ ಯಾರೂ ಇಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಮೊದಲಿನಿಂದ ಹಿಡಿದೆ.