ಷಡ್ಡಕನಿಗೆ ಎರಡೇ ಅಂಕ

ಬೀಗದಯ್ಯನ ಹೊಟ್ಟೆಯುರಿಗೆ ಆ ದಿನ ಬೆಳಗ್ಗೆ ತುಪ್ಪ ಸುರಿದದ್ದು ಮೂರನೆಯ ಅರ್ಜಿ. ಬಣ್ಣದ ಡಬ್ಬಿಗಳ ಗೋದಾಮನ್ನು ಯಾರ ಕೈಗೂ ಬಿಡದ ಆತನಿಗೆ ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರೇ ಬೀಗದಯ್ಯ. ಈಗ ಆತನಿಗೊಬ್ಬ ಸಹಾಯಕ ಬೇಕಿತ್ತು. ಅರ್ಜಿ ಹಾಕಿದ್ದವನು ಸಾಕ್ಷಾತ್ ಷಡ್ಡಕ, ಹೆಂಡತಿಯ ತಂಗಿಯ ಗಂಡ!

ಬೆಳಗಾದರೆ ಮನೆಯಲ್ಲಿ ಅವನದೇ ಜಪ. ಅವನು ನಲ್ಲಿ ರಿಪೇರಿ ಮಾಡುತ್ತಾನೆ, ಅವನಿಗೆ ತಲೆತುಂಬ ಕೂದಲಿದೆ, ಅವನು ಹೆಂಡತಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾನೆ. ಗೋದಾಮಿನಲ್ಲಾದರೂ ತಾನೇ ದೊಡ್ಡವನು ಎಂಬ ನೆಮ್ಮದಿ ಬೀಗದಯ್ಯನಿಗಿತ್ತು. ಅದನ್ನೂ ಕಳೆದುಕೊಳ್ಳಲು ಆತ ಸಿದ್ಧನಿರಲಿಲ್ಲ.

ಸಂದರ್ಶನಕ್ಕೆ ಮಾಲೀಕರು ಹೊಸ ಪದ್ಧತಿ ತಂದಿದ್ದರು. ಎಲ್ಲರಿಗೂ ಅವೇ ಆರು ಪ್ರಶ್ನೆ, ಅದೇ ಕ್ರಮ. ಪ್ರತಿ ಉತ್ತರಕ್ಕೂ ಐದರಲ್ಲಿ ಇಷ್ಟು ಅಂಕ, ಪಕ್ಕದಲ್ಲಿ ಕಾರಣ. ಹಾಳೆಯ ತುದಿಯಲ್ಲಿ ‘ಅಭ್ಯರ್ಥಿ ನಿಮಗೆ ನೆಂಟರೇ?’ ಎಂದಿತ್ತು. ಹೌದೆಂದರೆ ತಾನು ಎದ್ದು ಹೋಗಬೇಕಿತ್ತು, ಅಂಕ ಕತ್ತರಿಸುವ ಸುಖ ತಪ್ಪುತ್ತಿತ್ತು. ಬೀಗದಯ್ಯ ‘ಅಲ್ಲ’ ಎಂದು ಬರೆದ.

ಷಡ್ಡಕ ಒಳಗೆ ಬಂದವನೇ “ಭಾವ...” ಎನ್ನಲು ಹೋದ. ಬೀಗದಯ್ಯ ಕ್ಷಯರೋಗಿಯ ಹಾಗೆ ಕೆಮ್ಮಿದ. ಷಡ್ಡಕ ಅರ್ಥ ಮಾಡಿಕೊಂಡು “ನಮಸ್ಕಾರ ಸಾರ್” ಎಂದ. ಆ ಚುರುಕುತನಕ್ಕೂ ಬೀಗದಯ್ಯನಿಗೆ ಮೈಯೆಲ್ಲ ಉರಿಯಿತು.

“ಮೂರು ಲಾರಿ ಒಟ್ಟಿಗೆ ಬಂದ್ರೆ ಯಾವ್ದು ಮೊದ್ಲು ಇಳಿಸ್ತೀರಿ?”

“ಇವತ್ತೇ ಹೊರಗೆ ಹೋಗಬೇಕಾದ ಮಾಲು ಯಾವುದ್ರಲ್ಲಿದೆ ನೋಡ್ತೀನಿ ಸಾರ್. ಲಾರಿಗಳಿಗೆ ಬೇರೆ ಬೇರೆ ಹೊತ್ತು ಕೊಟ್ಟಿದ್ರೆ ಈ ಪ್ರಶ್ನೆನೇ ಬರಲ್ಲ.”

ಜೊತೆಗೆ ಕೂತಿದ್ದ ಅಕೌಂಟೆಂಟ್ ಮೇಡಂ ಖುಷಿಯಿಂದ ಐದು ಹಾಕಿದರು. ಬೀಗದಯ್ಯ ಎರಡು ಹಾಕಿದ. ಮೇಡಂ ಬಗ್ಗಿ ನೋಡಿ ಪಿಸುಗುಟ್ಟಿದರು.

“ಯಾಕ್ರೀ ಎರಡು? ಇವ್ರಿಗಿಂತ ಮುಂಚೆ ಬಂದವ್ನು ‘ಡ್ರೈವರುಗಳು ಜಗಳ ಆಡಿ ತೀರ್ಮಾನ ಮಾಡ್ಲಿ’ ಅಂದ. ಅವ್ನಿಗೆ ನಾಲ್ಕು ಕೊಟ್ರಿ!”

“ಅವ್ನದು ಪ್ರಾಮಾಣಿಕ ಉತ್ತರ ಮೇಡಂ.”

“ಕಾರಣ ಬರೀರಿ ಮತ್ತೆ. ಖಾಲಿ ಬಿಟ್ರೆ ಮಾಲೀಕರು ಹಾಳೆ ವಾಪಸ್ ಕಳಿಸ್ತಾರೆ.”

ಬೀಗದಯ್ಯ ಪೆನ್ನು ಕಚ್ಚಿದ. ತಪ್ಪು ಹುಡುಕಿದರೆ ಸಿಗಬೇಕಲ್ಲ? ಕೊನೆಗೆ ‘ಕೇಳಿದ್ದಕ್ಕಿಂತ ಹೆಚ್ಚು ಯೋಚಿಸುತ್ತಾನೆ’ ಎಂದು ಗೀಚಿದ. ಎರಡನೆಯದಕ್ಕೆ ‘ಸಹಾಯಕನಿಗೆ ಇಷ್ಟು ತಿಳಿವಳಿಕೆ ಅನಗತ್ಯ.’ ಆರನೆಯದಕ್ಕೆ ಬರುವಷ್ಟರಲ್ಲಿ ಬೆವರಿಳಿಯುತ್ತಿತ್ತು. ‘ಹೇಳಿದ್ದು ಮಾಡುವವನಲ್ಲ, ಹೇಳಿ ಮಾಡಿಸುವವನು’ ಎಂದು ಬರೆದು ಹಾಳೆ ಮಡಚಿದ.

ಮಧ್ಯಾಹ್ನ ಮಾಲೀಕರು ಕರೆಸಿದರು.

“ಮೇಡಂ ಬರೀ ಅಂಕ ಸುರಿದಿದಾರೆ. ಆಳನ್ನ ಅಳೆದಿರೋದು ನೀವು ಕಣ್ರೀ! ಸಹಾಯಕನ ಕೆಲಸಕ್ಕೆ ಇವ್ರು ಬೇಡ, ನಿಮ್ಮ ಮಾತು ಸರಿ.”

ಬೀಗದಯ್ಯನ ಎದೆ ಹಗುರವಾಯಿತು.

“ಗೋದಾಮಿಗೊಬ್ಬ ಮ್ಯಾನೇಜರ್ ಬೇಕು ಅಂತ ವರ್ಷದಿಂದ ಹುಡುಕ್ತಿದ್ದೆ. ಸೋಮವಾರದಿಂದ ಇವ್ರೇ ಬರ್ತಾರೆ. ನೀವು ಇನ್ಮೇಲೆ ಅವ್ರಿಗೇ ವರದಿ ಕೊಡಿ.”

ಬೀಗದಯ್ಯ ಮೇಜಿನ ಮೇಲಿದ್ದ ಹಾಳೆಯತ್ತ ನೋಡಿದ. ಹಾಳೆಯಲ್ಲಿದ್ದದ್ದೆಲ್ಲ ಅವನದೇ ಕೈಬರಹ. ಹೊರಗೆ ಬರುತ್ತಿದ್ದಂತೆ ಹೆಂಡತಿಯ ಫೋನು ಬಂತು.

“ಏನ್ರೀ, ತಂಗಿ ಗಂಡ ಈಗಷ್ಟೇ ಫೋನ್ ಮಾಡಿದ್ರು! ಈ ಕೆಲಸ ಸಿಕ್ಕಿದ್ದು ಭಾವನಿಂದಲೇ ಅಂತ ಹತ್ತು ಸಲ ಹೇಳಿದ್ರು. ಎಷ್ಟು ದೊಡ್ಡ ಮನಸ್ಸು ನೋಡಿ ಅವ್ರದು!”