ಕವುಚಿಟ್ಟ ಬಿಸ್ಕತ್ತು

(ಬೆಳಗಿನ ಹೊತ್ತು, ಬೇಕರಿಯ ಹಿಂದಿನ ಕೋಣೆ. ಉದ್ದನೆಯ ಹಲಗೆಯ ಮೇಲೆ ಆರು ಮೂಲೆಯ ಬಿಸ್ಕತ್ತುಗಳ ಸಾಲು. ಈ ತುದಿಯಲ್ಲಿ ಹೈಸ್ಕೂಲಿನ ಜೀವಶಾಸ್ತ್ರದ ಟೀಚರ್, ಕೈಯಲ್ಲಿ ಚೀಲ, ಮುಖದಲ್ಲಿ ಬೆಂಕಿ. ಎದುರಿಗೆ ಬೇಕರಿ ನಡೆಸುವ ಅವಳ ಗಂಡ, ಮೊಣಕೈವರೆಗೆ ಮೈದಾ. ಆ ತುದಿಯ ಸ್ಟೂಲಿನ ಮೇಲೆ ಅತ್ತೆ. ಅವರಿಗೆ ಸಕ್ಕರೆ ಕಾಯಿಲೆ. ಬೇಕರಿಯಲ್ಲಿ ಕೂತು ಬಿಸ್ಕತ್ತು ಮುಟ್ಟಬಾರದು ಎಂದರೆ ಅದು ಯಾವ ಜನ್ಮದ ಪಾಪವೋ, ಪಾಪ!)

ಟೀಚರ್: ಇವತ್ತಿನ ಪಾಠಕ್ಕೆ ನಾನು ಕೇಳಿದ್ದು ಪಿಷ್ಟ ರೀ! ನೀವು ಮಾಡಿಟ್ಟಿರೋದು ಮರ!

ಗಂಡ: ಬೆಣ್ಣೆ ಬಿಸ್ಕತ್ತನ್ನ ಮರ ಅಂತೀಯಾ? ಬಾಯಲ್ಲಿಟ್ರೆ ಕರಗುತ್ತೆ ಕಣೇ!

ಟೀಚರ್: ರುಚಿ ಯಾರು ಕೇಳಿದ್ರು? ಒಂದೊಂದು ಬಿಸ್ಕತ್ತೂ ಒಂದೊಂದು ಗ್ಲೂಕೋಸ್ ಸಕ್ಕರೆ, ಸಾಲು ಅದರ ಸರಪಳಿ. ಜಾಮಿನ ಬೊಟ್ಟು ಎಲ್ಲದಕ್ಕೂ ಮೇಲೇ ಇರಬೇಕು ಅಂತ ಬಡ್ಕೊಂಡೆ. ಇಲ್ನೋಡಿ, ಒಂದು ಮೇಲೆ, ಒಂದು ಕೆಳಗೆ!

ಗಂಡ: ಅಂಚು ಇಳಿಜಾರಾಗಿದೆ. ಒಂದು ಬಿಟ್ಟು ಒಂದು ಕವುಚಿಟ್ರೆ ಸಾಲು ಅಲ್ಲಾಡಲ್ಲ. ನಮ್ಮಪ್ಪ ಕಲಿಸಿದ ಕೈ ಇದು, ತಾನಾಗೇ ಕವುಚುತ್ತೆ.

ಟೀಚರ್: ಗಿಡಾನೂ ಅದನ್ನೇ ಮಾಡೋದು! ಹಾಗೆ ಕವುಚಿ ಜೋಡಿಸಿದ್ರೆ ಅದು ಸೆಲ್ಯುಲೋಸ್, ಗಿಡದ ಗೋಡೆ, ಮರ ಗಟ್ಟಿಯಾಗೋದೂ ಅದರಿಂದಲೇ. ಎಲ್ಲಾ ಒಂದೇ ಕಡೆ ನೋಡಿದ್ರೆ ಪಿಷ್ಟ, ಗಿಡದ ಬುತ್ತಿ. ನಾನು ಬುತ್ತಿ ಕೇಳಿದ್ರೆ ನೀವು ಗೋಡೆ ಕಟ್ಟಿದೀರ. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗೆ!

ಗಂಡ: ಸಕ್ಕರೆ ಅದೇನಾ?

ಟೀಚರ್: ಅದೇ.

ಗಂಡ: ಸರಪಳೀನೂ ಅದೇ?

ಟೀಚರ್: ಸರಪಳೀನೇ!

ಗಂಡ: ಮತ್ತೆ? ಮಗುಚಿದ ಮಾತ್ರಕ್ಕೆ ಊಟ ಗೋಡೆ ಆಗುತ್ತಾ? ನಾನು ಮಗ್ಗುಲು ಬದಲಾಯಿಸಿದ್ರೆ ಬೇರೆ ಗಂಡ ಆಗ್ತೀನಾ?

ಟೀಚರ್: ಅಷ್ಟು ಪುಣ್ಯ ನಾನು ಮಾಡಿಲ್ಲ.

(ಅತ್ತೆ ಕಿಸಕ್ಕನೆ ನಕ್ಕು, ಕೆಮ್ಮಿದಂತೆ ನಟಿಸಿದರು.)

ಗಂಡ: ಎರಡು ಸಕ್ಕರೆ ಸೇರುವಾಗ ನೀರು ಹೊರಗೆ ಹೋಗ್ಬೇಕು ಅಂದೆ. ಅದಕ್ಕೇ ಪಾಕ ಹಾಕಿ ಅಂಟಿಸಿ, ನೀರು ಹೋಗ್ಲಿ ಅಂತ ಎದ್ದಾಗಿನಿಂದ ರಟ್ಟು ಹಿಡಿದು ಗಾಳಿ ಬೀಸ್ತಿದೀನಿ. ಇನ್ನೂ ಒಣಗಿಲ್ಲ. ಈ ಕಷ್ಟ ಯಾರಿಗೆ ಬೇಕು?

ಟೀಚರ್: ನನಗೆ ಬೇಕು! ಇವತ್ತು ಹೆಡ್‌ಮಿಸ್ ಪಾಠ ನೋಡೋಕೆ ಬರ್ತಾರೆ. ಚೆನ್ನಾಗಾದ್ರೆ ಕೆಲಸ ಕಾಯಂ. ಕೆಟ್ಟರೆ ನಾಳೆಯಿಂದ ನಾನೂ ಇಲ್ಲೇ, ನಿಮ್ಮ ಪಕ್ಕದಲ್ಲೇ, ದಿನವಿಡೀ.

ಗಂಡ: (ಗಾಬರಿಯಿಂದ) ಅಯ್ಯೋ, ಬೇಡ! ಮಕ್ಕಳಿಗೆ ಇದನ್ನೇ ಪಿಷ್ಟ ಅನ್ನು. ಯಾರಿಗೆ ಗೊತ್ತಾಗುತ್ತೆ?

ಟೀಚರ್: ಹೆಡ್‌ಮಿಸ್ ಓದಿರೋದೂ ಇದನ್ನೇ! ಕೇಳಿ. ಪಿಷ್ಟ ತಿಂದ್ರೆ ಹೊಟ್ಟೇಲಿ ಬಿಡಿಬಿಡಿಯಾಗಿ, ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತೆ. ಕವುಚಿಟ್ಟಿದ್ದನ್ನ ಬಿಡಿಸೋ ಶಕ್ತಿ ನಮ್ಮ ಹೊಟ್ಟೆಗೆ ಇಲ್ಲ. ಬಂದ ದಾರಿಗೆ ಸುಂಕ ಇಲ್ಲ ಅಂತ ಹಾಗೇ ಹೊರಟುಹೋಗುತ್ತೆ.

(ಅತ್ತೆ ನೆಟ್ಟಗೆ ಕೂತರು.)

ಅತ್ತೆ: ಕವುಚಿಟ್ಟಿದ್ರೆ ಸಕ್ಕರೆ ರಕ್ತಕ್ಕೆ ಸೇರೋದೇ ಇಲ್ವೇನಮ್ಮಾ?

ಟೀಚರ್: (ತಿರುಗಿಯೂ ನೋಡದೆ) ಒಂದು ಚೂರೂ ಇಲ್ಲ ಅತ್ತೆ. ರೀ, ಈಗಲೇ ಕಿತ್ತು ಸರಿಯಾಗಿ ಇಡಿ.

ಗಂಡ: ಕಿತ್ರೆ ಜಾಮು ಹಲಗೆಗೇ ಅಂಟ್ಕೊಳ್ಳುತ್ತೆ. ಬೊಟ್ಟಿಲ್ಲದ ಗ್ಲೂಕೋಸ್ ತಗೊಂಡು ಏನ್ಮಾಡ್ತೀಯಾ?

ಟೀಚರ್: ಹೊಸದು ಮಾಡಿ!

ಗಂಡ: ಒಲೆ ಆರಿದೆ. ನಿನ್ನ ಸಿಟ್ಟಿನ ಮೇಲೆ ಬೇಯಿಸ್ಲಾ?

(ಕರುಂ, ಕರುಂ.)

ಟೀಚರ್: ಏನ್ರೀ ಸದ್ದು? ಇಲಿನಾ?

ಗಂಡ: ನನ್ನ ಬೇಕರೀಲಿ ಇಲಿ ಅಂದ್ರೆ ನಾನು ಸುಮ್ನಿರಲ್ಲ, ಹೇಳಿದೀನಿ!

(ಇಬ್ಬರೂ ಒಟ್ಟಿಗೆ ತಿರುಗಿದರು. ಅತ್ತೆಯ ಕೆನ್ನೆ ಉಬ್ಬಿತ್ತು, ಸೆರಗಿನ ತುಂಬ ಪುಡಿ. ಸಾಲಿನಲ್ಲಿ ಒಂದು ಬಿಟ್ಟು ಒಂದು ಬಿಸ್ಕತ್ತು ಮಾಯ. ಹಲಗೆಗೆ ಅಂಟಿದ್ದ ಜಾಮನ್ನೂ ಅವರು ಬೆರಳಲ್ಲಿ ಒರೆಸಿ ಬಾಯಿಗಿಡುತ್ತಿದ್ದರು.)

ಗಂಡ: ಅಮ್ಮಾ! ನಿನಗೆ ಸಕ್ಕರೆ ಕಾಯಿಲೆ!

ಅತ್ತೆ: ಕಿರುಚಬೇಡ್ವೋ. ಜಾಮು ಮೇಲಿರೋದನ್ನ ಒಂದಾದ್ರೂ ಮುಟ್ಟಿದೀನಾ? ಕವುಚಿಟ್ಟಿದ್ದನ್ನೇ ಆರಿಸ್ಕೊಂಡು ತಿಂದೆ. ಅದು ಮರವಂತೆ, ಮೈಗೆ ಹತ್ತಲ್ವಂತೆ. ನಿನ್ನ ಹೆಂಡತೀನೇ ಹೇಳಿದ್ದು.

ಟೀಚರ್: ಅತ್ತೇ, ಅದು ಬರೀ ಮಾದರಿ! ತಿಂದ್ರೆ ಎಲ್ಲಾನೂ ಮೈದಾ, ಸಕ್ಕರೆನೇ!

(ಗಂಡ ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ ತರಲು ಓಡಿದ. ಟೀಚರ್ ಹಲಗೆಯನ್ನೇ ನೋಡುತ್ತಾ ನಿಂತಳು. ಉಳಿದ ಬಿಸ್ಕತ್ತುಗಳೆಲ್ಲ ಜಾಮಿನ ಬೊಟ್ಟು ಮೇಲೆ ಮಾಡಿ ಒಂದೇ ಥರ ಕೂತಿದ್ದವು. ಅವನ್ನು ಒತ್ತೊತ್ತಾಗಿ ಸರಿಸಿದಳು. ಹಸಿ ಪಾಕ ಅವನ್ನು ಹಿಡಿದುಕೊಂಡಿತು.)

ಟೀಚರ್: ರೀ... ಪಿಷ್ಟ! ಅಚ್ಚುಕಟ್ಟಾದ ಪಿಷ್ಟ! (ಓಡಿಹೋಗಿ ಅತ್ತೆಯನ್ನು ತಬ್ಬಿಕೊಂಡು) ಅತ್ತೇ, ನನ್ನ ಪಾಠಾನ ಇಷ್ಟು ಗಮನ ಕೊಟ್ಟು ಕೇಳಿದವರು ನೀವೊಬ್ರೇ!

ಅತ್ತೆ: (ಮಾತ್ರೆ ನುಂಗಿ, ಮಗನ ಕಡೆ ಬಾಗಿ, ಮೆಲ್ಲಗೆ) ನಾಳೇನೂ ಇವಳಿಗೆ ಪಾಠ ಇದೆಯಂತೆ ಕಣೋ. ಕೈ ತಾನಾಗೇ ಕವುಚುತ್ತೆ ಅಂದ್ಯಲ್ಲ... ಅದನ್ನ ತಡೀಬೇಡ.